ಡ್ರೈ ಸೋಲ್ಡರ್

ಅಂಗಡಿಯ ಮೆಟ್ಟಿಲು ಹತ್ತುವವರೆಗೂ ಕೆಟ್ಟಿರುತ್ತದೆ.
ಮೇಜಿನ ಮೇಲಿಟ್ಟು ಸ್ವಿಚ್ ಒತ್ತಿದರೆ
ಏನೂ ಆಗೇ ಇಲ್ಲವೆಂಬಂತೆ ದೀಪ ಉರಿಯುತ್ತದೆ.
ತಂದವರಿಗೆ ಮುಜುಗರ,
ಮಗುವಿನ ಹೊಟ್ಟೆನೋವು
ಡಾಕ್ಟರೆದುರು ಮಾಯವಾದ ಹಾಗೆ.

"ದೇವ್ರಾಣೆ, ಬೆಳಿಗ್ಗೆ ಕೆಟ್ಟೋಗಿತ್ತು ಕಣಕ್ಕ"
ಎನ್ನುತ್ತಾರೆ ಬೆಲ್ಲದ ಮಂಡಿಯ ಶಂಭುಲಿಂಗಯ್ಯ.
ಅವರ ತಕ್ಕಡಿ ಖಾಲಿ ತಟ್ಟೆಗೆ
ಎಂಟು ಎಂಟು ಎಂಟು ಎಂಟು ತೋರಿಸಿತಂತೆ.
ಬರೀ ಗಾಳಿಯೇ ಎಂಬತ್ತೆಂಟು ಕೆಜಿ ಮೇಲೆ.
ಪಕ್ಕದಲ್ಲಿದ್ದವನು ಗಾಳಿಗೂ ರೇಟು ಕೇಳಿದನಂತೆ.

ನಾನು ನಂಬುತ್ತೇನೆ.
ಮಂಡ್ಯದ ಪೇಟೆಬೀದಿ, ಒಂಬತ್ತಡಿ ಜಾಗ,
ಇಪ್ಪತ್ತೊಂದು ವರ್ಷ:
ನಂಬುವುದು ಮೊದಲ ಕೆಲಸ,
ಮಲ್ಟಿಮೀಟರ್ ಆಮೇಲೆ.

ಪೂರ್ತಿ ಕೆಟ್ಟದ್ದು ಸುಲಭ. ಸತ್ತ ಫ್ಯೂಸು ಸತ್ತೇ ಇರುತ್ತದೆ.
ಉಬ್ಬಿದ ಕೆಪಾಸಿಟರ್ ತಾನೇ ಕೈಯೆತ್ತಿ ಒಪ್ಪಿಕೊಳ್ಳುತ್ತದೆ.
ಕಷ್ಟವೆಲ್ಲ ಈ ಬಂದು ಹೋಗುವುದರದ್ದು.
ಐಟಿಐ ಪುಸ್ತಕದಲ್ಲಿ ಅದಕ್ಕೊಂದು ಉದ್ದನೆ ಇಂಗ್ಲಿಷ್ ಹೆಸರಿತ್ತು.
ರಸೀದಿಯಲ್ಲಿ ನಾನು ಬರೆಯುವುದು ಇಷ್ಟೇ:
ಬತ್ತದೆ, ಹೋಯ್ತದೆ.

ಮೊನ್ನೆ ಗುತ್ತಲಿನ ಹುಡುಗನೊಬ್ಬ ಬಂದ,
ದೀಕ್ಷಿತ, ಏಳನೇ ಕ್ಲಾಸು.
ಕೈಯಲ್ಲಿ ಹಳದಿಗಟ್ಟಿದ ವಿಡಿಯೋ ಗೇಮು,
ಸೋದರಮಾವ ಆಡಿ ಬಿಟ್ಟದ್ದು.
"ಕೆಟ್ಟೋಗದಾ?"
"ಇಲ್ಲ ಕಣಕ್ಕ. ಸರಿಯಾಗ್ಬುಟ್ಟದೆ.
ಮೊದ್ಲಿನಂಗೆ ಕೆಡ್ಸಿಕೊಡಿ."

ಮೂರನೇ ಲೆವೆಲ್ಲಿನಲ್ಲಿ, ಸೇತುವೆಗೆ ಮುಂಚೆ, ಇಟ್ಟಿಗೆ ಗೋಡೆ.
ಯಾರಾದರೂ ಹಾರಲೇಬೇಕು.
ಇವನ ಬೊಂಬೆ ಮಾತ್ರ ಒಂದೊಂದು ಸಲ
ಹಾರದೆ, ಸುಮ್ಮನೆ, ಇಟ್ಟಿಗೆಯೊಳಗೆ ನಡೆದುಬಿಡುತ್ತಿತ್ತು.
ಆಚೆಗೆ ಆಟ ಮಾಡಿದವರು ಏನೂ ಮಾಡಿಟ್ಟಿರಲಿಲ್ಲ.
ಅರ್ಧ ಮರ. ತಲೆಕೆಳಗಾದ ನಾಲ್ಕು ಅಂಕಿ.
ನೇರಳೆ ಆಕಾಶ,
ಯಾರೋ ಒರೆಸಲು ಮರೆತಂಥದ್ದು.
"ಅಲ್ಲಿ ಯಾರೂ ಸಾಯ್ಸಲ್ಲ ಕಣಕ್ಕ.
ಪಾಯಿಂಟೂ ಕೊಡಲ್ಲ.
ಸುಮ್ನೆ ನಿಂತ್ಕೋಬೌದು."

ಮಾವ ರಜೆಗೆ ಬಂದವನು ಪ್ರೀತಿಯಿಂದ
ಒಳಗೆಲ್ಲ ಸ್ಪಿರಿಟ್ ಹಚ್ಚಿ ಒರೆಸಿಕೊಟ್ಟನಂತೆ.
ಅಂದಿನಿಂದ ಗೋಡೆ ಬರೀ ಗೋಡೆ.

ಬಿಚ್ಚಿದೆ. ಭೂತಗನ್ನಡಿಯಡಿ
ಹನ್ನೆರಡನೇ ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು.
ಬೆಸುಗೆ ಹಿಡಿದ ಹಾಗಿರುತ್ತದೆ, ಹಿಡಿದಿರುವುದಿಲ್ಲ.
ಒಂದು ಹನಿ ಸೀಸ ಸಾಕು.
ಕೈ ತಾನಾಗಿ ಸೋಲ್ಡರಿಂಗ್ ಕಡ್ಡಿಯತ್ತ ಹೋಯಿತು.
"ಬ್ಯಾಡ" ಎಂದ,
ಕುರಿಮರಿ ಹಿಡಿದುಕೊಳ್ಳುವವನಂತೆ ಅಡ್ಡ ಬಂದು.

ಕೆಡಿಸುವುದನ್ನು ನನಗೆ ಯಾರೂ ಕಲಿಸಿಲ್ಲ.
ಆದರೆ ಲೋಹ ಬಿಸಿಗೆ ಹಿಗ್ಗುತ್ತದೆ,
ಹೊರಗೆ ಏಪ್ರಿಲ್ ತಿಂಗಳ ಎರಡು ಗಂಟೆ,
ನನ್ನ ಸ್ಕೂಟರಿನ ಸೀಟು ಕಪ್ಪು.
ಅದರ ಮೇಲಿಟ್ಟೆವು.
ಬೋರ್ಡಿನ ನೆರಳಲ್ಲಿ ಇಬ್ಬರೂ ನಿಂತು
ಹಾಲು ಉಕ್ಕುವುದನ್ನು ಕಾಯುವವರ ಹಾಗೆ
ಸ್ಕೂಟರನ್ನೇ ನೋಡಿದೆವು.
ಕಬ್ಬಿನ ಲಾರಿಯೊಂದು ನಿಧಾನ ಹೋಯಿತು.
ಎದುರಿನ ಟೈಲರ್ ಮೆಷಿನ್ ನಿಲ್ಲಿಸಿ ಕೇಳಿದ, "ಏನಕ್ಕ ಅದು?"
ಏನೆಂದು ಹೇಳಲಿ.

ಮೊದಲ ಸಲ, ಗೋಡೆ.
ಎರಡನೇ ಸಲವೂ ಗೋಡೆ.
ಮೂರನೇ ಸಲ, ತೆಂಗಿನಕಾಯಿ ತಟ್ಟಿ ನೋಡುವಂತೆ
ಗೆಣ್ಣಿನಿಂದ ಡಬ್ಬಿಯ ಬೆನ್ನಿಗೆ ಟಕ್ ಅಂದೆ.
ಬೊಂಬೆ ಇಟ್ಟಿಗೆಯೊಳಗೆ ಕಾಲಿಟ್ಟಿತು.

ಹನ್ನೊಂದು ಸೆಕೆಂಡು.
ಎಣಿಸಿದ್ದು ನಾನು. ಅವನು ಅಲ್ಲಿರಲಿಲ್ಲ.

ರಸೀದಿ ಕೇಳಿದ. ಬರೆದುಕೊಟ್ಟೆ.
ಮಾಡಿದ ಕೆಲಸ: ಬಿಸಿಲು. ಕೂಲಿ: ಇಲ್ಲ.
ಮೆಟ್ಟಿಲಿಳಿದವನು ತಿರುಗಿ ನಿಂತ,
"ಮಳೆಗಾಲ್ದಲ್ಲಿ?"
"ಒಲೆ ಪಕ್ಕ ಇಡು. ಅಮ್ಮಂಗೆ ಹೇಳ್ಬೇಡ."

ಸಂಜೆ ಶಂಭುಲಿಂಗಯ್ಯನವರ ತಕ್ಕಡಿಗೆ ಕೂತೆ.
ಅದನ್ನು ಸರಿಮಾಡಲೇಬೇಕು, ಬೆಲ್ಲ ಇನ್ನೊಬ್ಬರದು.
ಸೀಸ ಕರಗಿಸುವ ಮುಂಚೆ
ಬೀದಿಯಲ್ಲಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಖಾಲಿ ತಟ್ಟೆಯಿಟ್ಟು ಸ್ವಿಚ್ ಒತ್ತಿದೆ.
ಸೊನ್ನೆ.
ಬೆನ್ನಿಗೊಮ್ಮೆ ತಟ್ಟಿದೆ.
ಸೊನ್ನೆ.
ಮತ್ತೆ ತಟ್ಟಿದೆ.